ಒಂದು ಲೈಸೆನ್ಸು, ಮೂರು ಕಂಪ್ಯೂಟರು

ನಾನು ಪುಣೆಯಿಂದ ಮಾತಾಡ್ತಾ ಇದ್ದೀನಿ. ನೀವು ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿ ಅಂತ ಎಲ್ಲೆಲ್ಲೋ ಕೂತು ಕೇಳ್ತಾ ಇರ್ತೀರಿ. ಇವತ್ತಿನ ವಿಷಯ ಕೇಳೋಕೆ ಸಣ್ಣದು. ದುಡ್ಡು ಕೊಟ್ಟು ಒಂದು ಸಾಫ್ಟ್‌ವೇರ್ ತಗೊಂಡಿದ್ದೀವಿ. ಲೈಸೆನ್ಸ್ ಒಂದು ಕಂಪ್ಯೂಟರಿಗೆ ಅಂತ ಬರೆದಿದೆ. ಮನೆಯಲ್ಲಿ ಮೂರು ಕಂಪ್ಯೂಟರ್ ಇವೆ. ಮೂರಕ್ಕೂ ಹಾಕಿಕೊಂಡರೆ ಅದು ತಪ್ಪಾ?

ಇದನ್ನ ಪೈರಸಿ ಜೊತೆ ಕಲಸಬೇಡಿ. ಎಸ್.ಪಿ. ರೋಡು, ನೆಹರೂ ಪ್ಲೇಸು, ಲ್ಯಾಮಿಂಗ್ಟನ್ ರೋಡು, ರಿಚೀ ಸ್ಟ್ರೀಟು, ಈ ಜಾಗಗಳಲ್ಲಿ ಒಂದು ಕಾಲದಲ್ಲಿ ಸಿಡಿ ಹೇಗೆ ಮಾರ್ತಿದ್ರು ಅಂತ ನಮ್ಮ ವಯಸ್ಸಿನವರಿಗೆ ಹೇಳೋದೇ ಬೇಡ. ಕ್ರ್ಯಾಕ್ ಮಾಡಿದ್ದು ಕ್ರ್ಯಾಕ್ ಮಾಡಿದ್ದೇ, ಅದರ ಬಗ್ಗೆ ಚರ್ಚೆಗೆ ಹೆಚ್ಚೇನೂ ಇಲ್ಲ. ನಾನು ಹೇಳ್ತಾ ಇರೋದು ಬಿಲ್ ಇಟ್ಟುಕೊಂಡಿರೋ ಗ್ರಾಹಕನ ವಿಷಯ. ಅವನು ಅರ್ಧ ಪ್ರಾಮಾಣಿಕ. ಇನ್ನರ್ಧದ ಬಗ್ಗೆ ಅವನಿಗೇ ಅನುಮಾನ ಇದೆ. ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯೋ ನಮ್ಮಂಥವರಿಗೆ ಆ ಅನುಮಾನ ಇನ್ನೂ ಸ್ವಲ್ಪ ಜಾಸ್ತಿ ಇರಬೇಕು. ಇರೋದಿಲ್ಲ ಅನ್ನೋದು ಬೇರೆ ಮಾತು.

ಮೊದಲು, ನಾವು ಕೊಂಡಿದ್ದಾದರೂ ಏನು?

ಎಂಟೆಕ್ ಓದುವಾಗ ನಮ್ಮ ಲ್ಯಾಬಿನಲ್ಲಿ ಚಿಪ್ ಡಿಸೈನ್ ಟೂಲುಗಳಿದ್ದವು. ಅವುಗಳ ಲೈಸೆನ್ಸ್ ತುಂಬಾ ದುಬಾರಿ. ಕಾಲೇಜು ತಗೊಂಡಿದ್ದು 20 ಸೀಟು, ನಾವಿದ್ದದ್ದು 35 ಜನ. ಸಾಫ್ಟ್‌ವೇರ್ ಲ್ಯಾಬಿನ ಎಲ್ಲ ಮಷೀನಿನಲ್ಲೂ ಇನ್‌ಸ್ಟಾಲ್ ಆಗಿತ್ತು. ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ತೆರೆದ ತಕ್ಷಣ ಅದು ಲೈಸೆನ್ಸ್ ಸರ್ವರಿಗೆ ಹೋಗಿ ಒಂದು ಟೋಕನ್ ಕೇಳುತ್ತೆ. 20 ಟೋಕನ್ ಖಾಲಿಯಾದರೆ 21ನೆಯವನು ಕಾಯಬೇಕು. ಇದಕ್ಕೆ ಫ್ಲೋಟಿಂಗ್ ಲೈಸೆನ್ಸ್ ಅಂತಾರೆ. ಥೀಸಿಸ್ ಸಲ್ಲಿಸೋ ತಿಂಗಳಲ್ಲಿ ಕೆಲವರು ರಾತ್ರಿ ಟೂಲ್ ತೆರೆದಿಟ್ಟು, ಸ್ಕ್ರೀನ್ ಲಾಕ್ ಮಾಡಿ ಹಾಸ್ಟೆಲಿಗೆ ಹೋಗಿ ಮಲಗ್ತಿದ್ರು, ಬೆಳಿಗ್ಗೆ ಸೀಟು ಸಿಗಲಿ ಅಂತ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕ್ತೀವಲ್ಲ, ಹಾಗೆ. ಎಲ್‌ಎಂಸ್ಟ್ಯಾಟ್ ಅನ್ನೋ ಕಮಾಂಡ್ ಕೊಟ್ಟರೆ ಯಾರ ಹೆಸರಲ್ಲಿ ಎಷ್ಟು ಟೋಕನ್ ಇದೆ ಅಂತ ಪಟ್ಟಿ ಬರ್ತಿತ್ತು. ರಾತ್ರಿ 2 ಗಂಟೆಗೆ ಆ ಪಟ್ಟಿ ಹಿಡಿದು ಹಾಸ್ಟೆಲ್ ರೂಮಿನ ಬಾಗಿಲು ಬಡಿದಿದ್ದೂ ಇದೆ.

ಆ ಲ್ಯಾಬಿನಲ್ಲಿ ನನಗೆ ಒಂದು ವಿಷಯ ಅರ್ಥ ಆಯ್ತು. ಇನ್‌ಸ್ಟಾಲ್ ಮಾಡೋದು ಬೇರೆ, ಬಳಸೋದು ಬೇರೆ. ನಾವು ತಕ್ಕಡಿಯಲ್ಲಿ ತೂಗಬೇಕಾದ್ದು ಎರಡನೆಯದನ್ನ. ಡಿಸ್ಕಿನ ಮೇಲೆ ಸುಮ್ಮನೆ ಬಿದ್ದಿರೋ ಫೈಲು ಯಾರಿಗೂ ನಷ್ಟ ಮಾಡಲ್ಲ.

ಹಳೇ ಕಂಪನಿಯೊಂದು ಇದನ್ನ ಬಹಳ ಮೊದಲೇ ಸರಳವಾಗಿ ಹೇಳಿತ್ತು. 1983ರಲ್ಲಿ ಬೋರ್ಲ್ಯಾಂಡ್ ಅನ್ನೋ ಕಂಪನಿ ಟರ್ಬೋ ಪ್ಯಾಸ್ಕಲ್ ತಂದಿತು, ಬೆಲೆ 49.95 ಡಾಲರ್. ಆ ಕಾಲಕ್ಕೆ ಕಂಪೈಲರಿಗೆ ಅದು ತೀರಾ ಕಮ್ಮಿ. ಅವರ ಲೈಸೆನ್ಸಿನ ಸಾರಾಂಶ ಇಷ್ಟೇ: ಇದನ್ನ ಪುಸ್ತಕದ ಹಾಗೆ ನೋಡಿ. ಎಷ್ಟು ಜನ ಬೇಕಾದ್ರೂ ಓದಬಹುದು, ಈ ಮನೆಯಿಂದ ಆ ಮನೆಗೆ ಒಯ್ಯಬಹುದು. ಆದರೆ ಒಂದೇ ಪುಸ್ತಕವನ್ನ ಇಬ್ಬರು ಎರಡು ಜಾಗದಲ್ಲಿ ಒಂದೇ ಹೊತ್ತಿಗೆ ಓದೋಕೆ ಆಗಲ್ಲ, ಇಲ್ಲೂ ಅಷ್ಟೇ. ಈಗಿನ 40 ಪುಟದ ಕರಾರುಗಳನ್ನ ನೋಡಿದಾಗಲೆಲ್ಲ ನನಗೆ ಆ ಪುಸ್ತಕದ ಮಾತು ನೆನಪಾಗುತ್ತೆ. ಓದಿ ಅರ್ಥ ಆಗೋ ಕರಾರನ್ನ ಜನ ಪಾಲಿಸೋ ಸಾಧ್ಯತೆಯಾದರೂ ಇರುತ್ತೆ. ಓದದೇ "ಐ ಅಗ್ರೀ" ಒತ್ತೋ ಕರಾರಿಗೆ ನೈತಿಕ ಭಾರ ಎಷ್ಟು ಅನ್ನೋದು ನ್ಯಾಯವಾದ ಪ್ರಶ್ನೆಯೇ.

ಎಲ್ಲ ಕಂಪನಿಗಳೂ ಒಂದೇ ಥರ ಇಲ್ಲ ಅನ್ನೋದನ್ನೂ ಹೇಳಬೇಕು. ಸಬ್ಲೈಮ್ ಟೆಕ್ಸ್ಟ್ ಲೈಸೆನ್ಸ್ ವ್ಯಕ್ತಿಗೆ, ನಿಮ್ಮ ಎಲ್ಲ ಕಂಪ್ಯೂಟರಿಗೂ ಹಾಕಿಕೊಳ್ಳಬಹುದು. ಜೆಟ್‌ಬ್ರೈನ್ಸ್ ವೈಯಕ್ತಿಕ ಲೈಸೆನ್ಸ್ ಕೂಡ ಹಾಗೇ, ಬಳಸೋರು ನೀವೊಬ್ಬರೇ ಆಗಿರಬೇಕು. ಅಡೋಬಿ ಎರಡು ಮಷೀನಿಗೆ ಬಿಡುತ್ತೆ, ಆದರೆ ಒಂದು ಹೊತ್ತಿಗೆ ಒಂದರಲ್ಲೇ ಕೆಲಸ. ಇನ್ನು ಲ್ಯಾಪ್‌ಟಾಪ್ ಜೊತೆಗೇ ಬರೋ ಓಇಎಂ ವಿಂಡೋಸ್ ಆ ಮಷೀನಿಗೇ ಅಂಟಿಕೊಂಡದ್ದು, ಮಷೀನ್ ಸತ್ತರೆ ಅದೂ ಸತ್ತ ಹಾಗೆ. ರೀಟೇಲಿನಲ್ಲಿ ಕೊಂಡಿದ್ದಾದರೆ ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಬಹುದು. "ಸಾಫ್ಟ್‌ವೇರ್ ಕಂಪನಿಗಳು ಬಿಡಲ್ಲ" ಅಂತ ಗೊಣಗೋ ನಮ್ಮಲ್ಲಿ ಎಷ್ಟೋ ಜನಕ್ಕೆ ತಮಗೆ ಬಿಟ್ಟಿರೋದೇ ಗೊತ್ತಿರಲ್ಲ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಉದಾಹರಣೆ ಆಪಲ್‌ದು. 2009ರಲ್ಲಿ ಸ್ನೋ ಲೆಪರ್ಡ್ ಅಂತ ಮ್ಯಾಕ್ ಓಎಸ್ ಬಂತು. ಒಂದು ಮ್ಯಾಕಿಗೆ 29 ಡಾಲರ್. ಒಂದು ಮನೆಯ ಐದು ಮ್ಯಾಕಿಗೆ ಫ್ಯಾಮಿಲಿ ಪ್ಯಾಕ್ 49 ಡಾಲರ್. ಸೀರಿಯಲ್ ನಂಬರ್ ಇಲ್ಲ, ಆಕ್ಟಿವೇಶನ್ ಇಲ್ಲ. 29ರ ಡಿಸ್ಕಿನಿಂದ ಐದಕ್ಕೂ ಹಾಕಿದರೆ ಕೇಳೋರೇ ಇಲ್ಲ. ಅಂದ್ರೆ ಆ ಹೆಚ್ಚಿನ 20 ಡಾಲರಿಗೆ ಗ್ರಾಹಕನಿಗೆ ಸಿಗ್ತಿದ್ದದ್ದು ಅನುಮತಿ ಮಾತ್ರ. ಬೀಗವೇ ಇಲ್ಲದ ಬಾಗಿಲಿಗೆ ಬಾಡಿಗೆ ಕಟ್ಟಿದ ಹಾಗೆ. ಹಾಗಿದ್ದೂ ಅದನ್ನ ಕೊಂಡವರಿದ್ರು. ಬೆಲೆ ನ್ಯಾಯವಾಗಿದೆ ಅನ್ನಿಸಿದರೆ, ಕೇಳೋ ರೀತಿ ಸರಿಯಾಗಿದ್ದರೆ, ಜನ ಕೊಡ್ತಾರೆ ಅಂತ ನಾನು ನಂಬೋದಕ್ಕೆ ಇದೂ ಒಂದು ಕಾರಣ. ಇದಕ್ಕೆ ತದ್ವಿರುದ್ಧ ದಾರಿ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಆಕ್ಟಿವೇಶನ್. ಹಾರ್ಡ್‌ವೇರಿನ ಗುರುತು ಹಿಡಿದು ಕೀಗೆ ಕಟ್ಟಿಹಾಕೋದು. ರ್‍ಯಾಮು, ಹಾರ್ಡ್‌ಡಿಸ್ಕು ಅಂತ ಒಂದಿಷ್ಟು ಬಿಡಿಭಾಗ ಬದಲಿಸಿದ ಪ್ರಾಮಾಣಿಕ ಗ್ರಾಹಕ ಫೋನ್ ಮಾಡಿ ಉದ್ದುದ್ದ ನಂಬರ್ ಒಪ್ಪಿಸಬೇಕಿತ್ತು. ಕ್ರ್ಯಾಕ್ ಹಾಕಿಕೊಂಡವನಿಗೆ ಆ ರಗಳೆಯೇ ಇರಲಿಲ್ಲ.

ಈಗ "ಮನೆ" ಅನ್ನೋ ಶಬ್ದಕ್ಕೆ ಬರ್ತೀನಿ. ನಮ್ಮಂಥ ವಲಸೆ ಬಂದವರಿಗೆ ಇದು ನಿಜವಾದ ಪ್ರಶ್ನೆ. ಫ್ಯಾಮಿಲಿ ಪ್ಯಾಕ್, ಹೌಸ್‌ಹೋಲ್ಡ್ ಅಂತೆಲ್ಲ ಬರೆಯೋರು ಮನೆ ಅಂದ್ರೆ ಒಂದೇ ಸೂರಿನ ಕೆಳಗೆ ಇರೋರು ಅಂದ್ಕೊಂಡಿರ್ತಾರೆ. ನಾನು ಪುಣೆಯಲ್ಲಿ, ತಮ್ಮ ಬೆಂಗಳೂರಲ್ಲಿ, ಅಪ್ಪ ಅಮ್ಮ ಬಾಗಲಕೋಟೆ ಹತ್ತಿರದ ಊರಲ್ಲಿ. ಊರಿನ ರೇಷನ್ ಕಾರ್ಡಿನಲ್ಲಿ ನನ್ನ ಹೆಸರು ಮೊನ್ನೆ ಮೊನ್ನೆವರೆಗೂ ಇತ್ತು. ನನ್ನ ಮಟ್ಟಿಗೆ ಅದೂ ಮನೆಯೇ. 2023ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ಭಾರತದಲ್ಲಿ ಪಾಸ್‌ವರ್ಡ್ ಹಂಚಿಕೆ ನಿಲ್ಲಿಸಿದಾಗ ನಮ್ಮಲ್ಲಿ ಎಷ್ಟೋ ಕುಟುಂಬಗಳು ಒಂದೇ ದಿನ ಮೂರು ಮನೆ ಆಗಿಹೋದವು. ಮೈಕ್ರೋಸಾಫ್ಟ್ 365 ಫ್ಯಾಮಿಲಿ ಆರು ಜನಕ್ಕೆ ಅನ್ನುತ್ತೆ. ಅಪ್ಪ, ಅಮ್ಮ, ತಮ್ಮ, ಹೆಂಡತಿ, ನಾನು, ಐದು. ಇಲ್ಲಿ ನನಗೆ ಅಳುಕಿಲ್ಲ, ಸೂರು ಮೂರಾದರೂ ಒಲೆಯ ಖರ್ಚು ಒಂದೇ ಕಡೆಯಿಂದ ಹೋಗುತ್ತೆ. ಆದರೆ ಆರನೇ ಸೀಟಿಗೆ ಆಫೀಸಿನ ಗೆಳೆಯನನ್ನ ಸೇರಿಸಿ ತಿಂಗಳಿಗೆ ಇಷ್ಟು ಅಂತ ಯುಪಿಐನಲ್ಲಿ ತಗೊಳ್ಳೋದು ಇದೆಯಲ್ಲ, ಅಲ್ಲಿ ನಾವು ಕುಟುಂಬ ಅಲ್ಲ, ಡೀಲರು.

ಕಾನೂನು ಏನು ಹೇಳುತ್ತೆ? ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಭಾಗ, ಸ್ವಲ್ಪ ನಿಂತು ನೋಡೋಣ. ಭಾರತದ ಕಾಪಿರೈಟ್ ಕಾಯ್ದೆ 1957ರದು. ಅದರ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮೂ ಸಾಹಿತ್ಯ ಕೃತಿಯೇ. ನಾವು ಬರೆಯೋ ಕೋಡಿಗೂ ಕಾದಂಬರಿಗೂ ಕಾನೂನಿನ ಕಣ್ಣಲ್ಲಿ ಒಂದೇ ಪಂಕ್ತಿ. ನನ್ನ ಕೋಡ್ ರಿವ್ಯೂ ಮಾಡೋರು ಇದನ್ನ ಒಪ್ಪಲಿಕ್ಕಿಲ್ಲ, ಇರಲಿ. ಸೆಕ್ಷನ್ 52ರಲ್ಲಿ ಯಾವುದು ಉಲ್ಲಂಘನೆ ಅಲ್ಲ ಅಂತ ಪಟ್ಟಿ ಇದೆ. ಕಾನೂನುಬದ್ಧವಾಗಿ ಪ್ರತಿ ಇಟ್ಟುಕೊಂಡವನು ಬ್ಯಾಕಪ್ ಮಾಡಿಕೊಂಡರೆ ಉಲ್ಲಂಘನೆ ಅಲ್ಲ. 1999ರ ತಿದ್ದುಪಡಿಯಲ್ಲಿ ಇನ್ನೊಂದು ಸಾಲು ಸೇರಿತು, 52(1)(ಎಡಿ). ಸ್ವಂತಕ್ಕೆ ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ, ವ್ಯಾಪಾರಕ್ಕಲ್ಲದ ವೈಯಕ್ತಿಕ ಬಳಕೆಗೆ ಪ್ರತಿ ಮಾಡಿಕೊಳ್ಳೋದು ಉಲ್ಲಂಘನೆ ಅಲ್ಲ. ನೀವೇ ದುಡ್ಡು ಕೊಟ್ಟು ತಗೊಂಡದ್ದನ್ನ ನಿಮ್ಮದೇ ಎರಡನೇ ಲ್ಯಾಪ್‌ಟಾಪಿಗೆ, ನಿಮ್ಮದೇ ಸ್ವಂತ ಉಪಯೋಗಕ್ಕೆ ಹಾಕಿಕೊಂಡರೆ ಕಾಪಿರೈಟ್ ಕಾಯ್ದೆ ನಿಮ್ಮನ್ನ ಕಳ್ಳ ಅನ್ನಲ್ಲ. ಕಂಪನಿ ಜೊತೆ ಮಾಡಿಕೊಂಡ ಕರಾರು ಮುರಿದಿರೋ ಇಲ್ಲವೋ ಅನ್ನೋದು ಪ್ರತ್ಯೇಕ ವಿಷಯ, ಆಕ್ಟಿವೇಶನ್ ಕೆಡಿಸಿ ಒಳನುಗ್ಗೋದಂತೂ ಇನ್ನೂ ಬೇರೆ.

ಇದರ ಇನ್ನೊಂದು ಮುಖ ಸೆಕ್ಷನ್ 63ಬಿ. ಉಲ್ಲಂಘನೆಯ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, ಜೊತೆಗೆ 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಆದರೆ ಲಾಭಕ್ಕಾಗಿ, ವ್ಯಾಪಾರಕ್ಕಾಗಿ ಬಳಸಿಲ್ಲ ಅಂತಾದರೆ ನ್ಯಾಯಾಲಯ ಜೈಲು ಬಿಟ್ಟು 50,000ದವರೆಗಿನ ದಂಡಕ್ಕೆ ನಿಲ್ಲಿಸಬಹುದು. ಎರಡೂ ಸೆಕ್ಷನ್ ಓದಿದರೆ ಗೆರೆ ಎಲ್ಲಿದೆ ಅಂತ ಕಾಣುತ್ತೆ. ಕಾನೂನಿಗೆ ಎಷ್ಟು ಕಂಪ್ಯೂಟರ್ ಅನ್ನೋದಕ್ಕಿಂತ ಯಾತಕ್ಕೆ ಬಳಸಿದೆ ಅನ್ನೋದರ ಚಿಂತೆ ಜಾಸ್ತಿ.

ಈ ಗೆರೆ ಕಾಗದದ ಮೇಲೆ ಚೆನ್ನಾಗಿದೆ. ಮನೆಯವರ ಮುಂದೆ ಎಳೆಯೋಕೆ ಹೋದಾಗ ಗೊತ್ತಾಗುತ್ತೆ.

ನಮ್ಮ ಕಾಕಾಂದು ಊರಲ್ಲಿ ಗೊಬ್ಬರ, ಬೀಜದ ಅಂಗಡಿ. ಲೆಕ್ಕಕ್ಕೆ, ಜಿಎಸ್‌ಟಿಗೆ ಅಂತ ಒಂದು ಸಾಫ್ಟ್‌ವೇರ್ ದುಡ್ಡು ಕೊಟ್ಟೇ ತಗೊಂಡಿದ್ರು. ಒಬ್ಬರು, ಒಂದು ಮಷೀನು, ಅಂಥ ಲೈಸೆನ್ಸ್. ಆಮೇಲೆ ಬೈಪಾಸ್ ಹತ್ತಿರ ಗೋಡೌನ್ ಮಾಡಿದ್ರು, ಅಲ್ಲಿಗೂ ಒಂದು ಕಂಪ್ಯೂಟರ್ ಬಂತು. ಫೋನ್ ಬಂತು.

"ತಮ್ಮಾ, ಅಂಗಡ್ಯಾಗಿಂದು ಗೋಡೌನಿನ ಕಂಪ್ಯೂಟರಿಗೂ ಹಾಕಿ ಕೊಡು. ಹೆಂಗೂ ದೀಪಾವಳಿಗೆ ಬರಾಂವ ಅದೀಯಲ್ಲ."

"ಕಾಕಾ, ಅದು ಒಂದ ಮಷೀನಿಂದು ಲೈಸೆನ್ಸ್ ಐತ್ರಿ."

"ರೊಕ್ಕ ಕೊಟ್ಟೀನೋ ಇಲ್ಲೋ? ಟ್ರ್ಯಾಕ್ಟರ್ ತಗೊಂಡಮ್ಯಾಲ ಯಾವ ಹೊಲಾ ಹರಗಬೇಕಂತ ಶೋರೂಮಿನಾಂವ ಹೇಳ್ತಾನೇನು?"

"ಒಂದ ಟ್ರ್ಯಾಕ್ಟರ್ ಎರಡೂ ಹೊಲದಾಗ ಕೂಡೇ ಓಡೂದಿಲ್ಲಲ್ರಿ ಕಾಕಾ."

"ಓಡಿದ್ರ ಬಿಡ್ತಿದ್ನೇನು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ನಗು ಬಂತು. ಕಾಕಾ ಅಲ್ಲಿಗೆ ಬಿಡಲಿಲ್ಲ. ಬೀಜದ ವ್ಯಾಪಾರಿ ಅಲ್ವಾ. "ಬೀಜಾ ಒಯ್ದ ರೈತ ಮುಂದಿನ ವರ್ಷ ತನ್ನ ಮಾಲಿನಾಗಿಂದ ಬೀಜಾ ತಗದಿಟ್ಟು ಬಿತ್ತತಾನ. ಮಗ್ಗಲ ಹೊಲದವಗೂ ಕೊಡ್ತಾನ. ಅಂವಗ ಯಾರರ ಕಳ್ಳ ಅಂದಾರೇನು?" ಅಂದ್ರು.

ಇದು ಕಾಕಾನ ವಾದಗಳಲ್ಲಿ ಗಟ್ಟಿಯಾದದ್ದು. ಯಾಕಂದ್ರೆ ನಮ್ಮ ದೇಶದ ಕಾನೂನೇ ಅದನ್ನ ಒಪ್ಪಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ, ಕಂಪನಿ ಹೆಸರಲ್ಲಿ ನೋಂದಣಿಯಾದ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹಾಕಿ ಮಾರೋ ಹಾಗಿಲ್ಲ ಅಷ್ಟೇ. 2019ರಲ್ಲಿ ಪೆಪ್ಸಿಕೋ ಕಂಪನಿ ತನ್ನ ಆಲೂಗಡ್ಡೆ ತಳಿ ಬೆಳೆದರು ಅಂತ ಗುಜರಾತಿನ ರೈತರ ಮೇಲೆ ಕೇಸ್ ಹಾಕಿ, ಗದ್ದಲ ಎದ್ದ ಮೇಲೆ ವಾಪಸ್ ತಗೊಂಡಿದ್ದು ನಿಮಗೆ ನೆನಪಿರಬಹುದು. ಹೈಬ್ರಿಡ್ ಬೀಜದ ಕಥೆ ಬೇರೆ. ಅದರ ಮಾಲಿನಿಂದ ತೆಗೆದ ಬೀಜ ಎರಡನೇ ವರ್ಷ ಮೊದಲಿನ ಹಾಗೆ ಬರಲ್ಲ, ಮತ್ತೆ ಅಂಗಡಿಗೇ ಬರಬೇಕು. ಪ್ರಕೃತಿಯೇ ಅದರೊಳಗೆ ಆಕ್ಟಿವೇಶನ್ ಇಟ್ಟಿದೆ ಅಂತ ನಾನು ಕಾಕಾಗೆ ಹೇಳಿದೆ. ಅವರಿಗೆ ತಮಾಷೆ ಹಿಡಿಸಲಿಲ್ಲ.

ಆದರೆ ಬೀಜದ ಕಾಯ್ದೆಯಲ್ಲಿ ರಿಯಾಯಿತಿ ಇರೋದು ರೈತನಿಗೆ, ಬ್ರ್ಯಾಂಡ್ ಹಾಕಿ ಮಾರೋನಿಗೆ ಇಲ್ಲ. ಸಾಫ್ಟ್‌ವೇರಿನ ಕಾಯ್ದೆಯಲ್ಲೂ ರಿಯಾಯಿತಿ ಇರೋದು ಸ್ವಂತಕ್ಕೆ ಬಳಸೋನಿಗೆ, ಅಂಗಡಿ ನಡೆಸೋನಿಗೆ ಇಲ್ಲ. ಕಾಕಾನ ಗೋಡೌನಿನ ಕಂಪ್ಯೂಟರು ದುಡಿಯೋ ಕಂಪ್ಯೂಟರು. ಎರಡು ಮಷೀನಿನಲ್ಲಿ ಒಂದೇ ಹೊತ್ತಿಗೆ ಇಬ್ಬರು ಬಿಲ್ ಹರಿದರೆ ಅಲ್ಲಿ ಎರಡು ಪುಸ್ತಕ ಓದಿಸಿಕೊಂಡ ಹಾಗಾಯ್ತು. ಬೋರ್ಲ್ಯಾಂಡಿನ ಪುಸ್ತಕದ ಲೆಕ್ಕದಲ್ಲೂ, ಕಾಯ್ದೆಯ ಲೆಕ್ಕದಲ್ಲೂ ಅದು ಗೆರೆಯ ಆಚೆ. ನಾನು ಹಾಕಿಕೊಡಲಿಲ್ಲ.

ಕಾಕಾನ ಸಿಟ್ಟಿಗೂ ಕಾರಣ ಇತ್ತು, ಅದನ್ನ ಮುಚ್ಚಿಡೋದು ಸರಿಯಲ್ಲ. ಹಲವರು ಬಳಸೋ ಲೈಸೆನ್ಸಿನ ಬೆಲೆ ಒಬ್ಬರದರ ಸುಮಾರು ಮೂರು ಪಟ್ಟು. ಅವರಿಗೆ ಬೇಕಾಗಿದ್ದು ಇನ್ನೊಂದೇ ಒಂದು ಮಷೀನು. ನಡುವೆ ಮೆಟ್ಟಿಲೇ ಇಲ್ಲ. "ಒಂದು ಚೀಲ ಗೊಬ್ಬರ ಕೇಳಿದಾವಗ ಮೂರು ಚೀಲ ಒಯ್ಯಿ ಅಂದ್ರ ನನ್ನ ಅಂಗಡಿಗೆ ಯಾರು ಬರ್ತಾರ" ಅಂದ್ರು. ನಿಜ. ಸುಗ್ಗಿ, ಬಿತ್ತನೆ ಕಾಲದಲ್ಲಿ ಗೊಬ್ಬರದ ಜೊತೆ ಬೇಡದ ಔಷಧವನ್ನೂ ಕಟ್ಟಿಕೊಡೋ ವ್ಯಾಪಾರಿಗಳಿದ್ದಾರೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು, ಇಬ್ಬರೂ ಆ ಮಾತು ಎತ್ತಲಿಲ್ಲ. ಕೊನೆಗೆ ಗೋಡೌನಿನಲ್ಲಿ ಡೆಲಿವರಿ ಚಲನ್ ಪುಸ್ತಕ ಬರೆಯೋದು, ಸಂಜೆ ಹುಡುಗ ಅಂಗಡಿಗೆ ಬಂದು ಎಂಟ್ರಿ ಮಾಡೋದು ಅಂತ ಆಯ್ತು. ಸ್ಟಾಕ್ ನೋಡೋಕೆ ಒಂದು ಸ್ಪ್ರೆಡ್‌ಶೀಟ್ ಮಾಡಿಕೊಟ್ಟೆ, ಲಿಬ್ರೆ ಆಫೀಸಿನಲ್ಲಿ. ಅದನ್ನ ಹತ್ತು ಕಂಪ್ಯೂಟರಿಗೆ ಹಾಕಿದರೂ ಯಾರೂ ಕೇಳಲ್ಲ. ಮದುವೆ, ಮುಂಜಿವೆಗಳಲ್ಲಿ ಕಾಕಾ ಈಗಲೂ ನನ್ನನ್ನ ಪರಿಚಯ ಮಾಡಿಕೊಡೋದು ಹೀಗೆ: "ಇಂವ ಪುಣೇದಾಗ ಕಂಪ್ಯೂಟರ್ ಇಂಜಿನಿಯರ್, ಆದ್ರ ಕಂಪ್ಯೂಟರ್ ಕೆಲಸ ಹೇಳಬ್ಯಾಡ್ರಿ."

ನಾನು ಅಷ್ಟು ಗಟ್ಟಿಯಾಗಿ ನಿಂತಿದ್ದಕ್ಕೆ ಕಾಯ್ದೆಗಿಂತ ಬೇರೆ ಕಾರಣ ಇದೆ. ಪುಣೆಗೆ ಬಂದ ಹೊಸದರಲ್ಲಿ ಒಂಬತ್ತು ಜನರ ಸಣ್ಣ ಕಂಪನಿಯಲ್ಲಿದ್ದೆ. ರಕ್ತ ಪರೀಕ್ಷೆ ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡ್ತಿದ್ವಿ. ಮಷೀನಿಗೆ ಇಷ್ಟು ಅಂತ ದರ. ಒಂದು ಲ್ಯಾಬಿನವರು ಒಂದು ಲೈಸೆನ್ಸ್ ತಗೊಂಡು ತಮ್ಮ ಆರು ಸ್ಯಾಂಪಲ್ ಸಂಗ್ರಹ ಕೇಂದ್ರಗಳಿಗೂ ಹಾಕಿಕೊಂಡಿದ್ರು. ನಮಗೆ ಹೇಗೆ ಗೊತ್ತಾಯ್ತು ಅಂದ್ರೆ, ಆರೂ ಕಡೆಯಿಂದ ಸಪೋರ್ಟಿಗೆ ಫೋನ್ ಬರ್ತಿತ್ತು! ಬಾರ್‌ಕೋಡ್ ಪ್ರಿಂಟರ್ ಕೆಲಸ ಮಾಡ್ತಿಲ್ಲ, ರಿಪೋರ್ಟಿನಲ್ಲಿ ಡಾಕ್ಟರ ಸಹಿ ಬರ್ತಿಲ್ಲ. ಫೋನ್ ಎತ್ತಿದವನು ಎದುರಿಗೆ ರೋಗಿ ಕೂತಿದ್ದಾರೆ ಅಂತ ಗೊತ್ತಾದ ಮೇಲೆ ಇಲ್ಲ ಅನ್ನೋಕಾಗುತ್ತಾ? ಸಪೋರ್ಟಿಗೆ ಇದ್ದವನು ಒಬ್ಬನೇ. ವಾರದಲ್ಲಿ ಒಂದು ದಿನ ಅವನದ್ದು ಆ ಒಬ್ಬ ಗ್ರಾಹಕನಿಗೇ ಹೋಗ್ತಿತ್ತು.

"ಕಾಪಿ ಮಾಡೋದಕ್ಕೆ ಖರ್ಚಿಲ್ಲ, ನಿಮಗೇನು ನಷ್ಟ" ಅಂತ ಆ ಲ್ಯಾಬಿನವರು ಹೇಳಿದ್ರು. ಫೈಲ್ ಕಾಪಿಗೆ ಖರ್ಚಿಲ್ಲ, ಒಪ್ಪಿದೆ. ಆ ಕಾಪಿಯ ಹಿಂದೆ ಬರೋ ಫೋನಿಗೆ, ಮುಂದಿನ ವರ್ಷ ಜಿಎಸ್‌ಟಿ ನಿಯಮ ಬದಲಾದರೆ ಮಾಡಬೇಕಾದ ತಿದ್ದುಪಡಿಗೆ ಖರ್ಚಿದೆ. ಆ ವರ್ಷ ನಮಗ್ಯಾರಿಗೂ ಇನ್‌ಕ್ರಿಮೆಂಟ್ ಆಗಲಿಲ್ಲ. ಅದೊಂದೇ ಕಾರಣ ಅಂತ ನಾನು ಹೇಳಲ್ಲ, ಆ ಕಂಪನಿಗೆ ಬೇರೆ ತಾಪತ್ರಯಗಳೂ ಇದ್ದವು. ಆದರೆ ಐದು ಮಷೀನಿನ ದುಡ್ಡು ಒಂಬತ್ತು ಜನರ ಕಂಪನಿಗೆ ಸಣ್ಣದಲ್ಲ.

1976ರಲ್ಲಿ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಅಂತ ಒಂದು ಬಹಿರಂಗ ಪತ್ರ ಬರೆದರು. ನಮ್ಮ ಬೇಸಿಕ್ ಬಳಸೋರಲ್ಲಿ ಹೆಚ್ಚಿನವರು ದುಡ್ಡು ಕೊಟ್ಟಿಲ್ಲ ಅನ್ನೋದು ಅವರ ದೂರು. ಆಮೇಲೆ ಅವರು ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬರಾದರು, ಹಾಗಾಗಿ ಈಗ ಆ ಪತ್ರ ಓದಿದರೆ ಯಾರಿಗೂ ಅಯ್ಯೋ ಅನ್ನಿಸಲ್ಲ. ನಮ್ಮ ಕಷ್ಟ ಇಲ್ಲೇ ಇರೋದು. ಸಾಫ್ಟ್‌ವೇರ್ ಕಂಪನಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಗೇಟ್ಸ್. ನಮ್ಮ ಆ ಸಪೋರ್ಟ್ ಹುಡುಗ ಬರಲ್ಲ.

ಕನ್ನಡದವರಿಗೆ ಹತ್ತಿರದ ಉದಾಹರಣೆ ಬೇಕಾದ್ರೆ "ಬರಹ" ಇದೆ. ಶೇಷಾದ್ರಿವಾಸು ಅವರು 1998ರಲ್ಲಿ ಅದನ್ನ ಉಚಿತವಾಗಿ ಕೊಟ್ಟರು. ನಮ್ಮಲ್ಲಿ ಎಷ್ಟೋ ಜನ ಕಂಪ್ಯೂಟರಿನಲ್ಲಿ ಮೊದಲ ಕನ್ನಡ ಅಕ್ಷರ ಕುಟ್ಟಿದ್ದೇ ಅದರಲ್ಲಿ. ಮುಂದೆ ಹೊಸ ಆವೃತ್ತಿಗಳಿಗೆ ದುಡ್ಡು ಇಟ್ಟಾಗ "ಕನ್ನಡಕ್ಕೂ ದುಡ್ಡಾ" ಅಂದವರನ್ನ ನಾನು ಕಂಡಿದ್ದೀನಿ. ಅದನ್ನ ಹೇಳಿದವರು ಎಂಟು ಲಕ್ಷದ ಕಾರಿನಲ್ಲಿ ಓಡಾಡೋರು. ಇಂಥ ಕಡೆ ಎರಡನೇ ಕಂಪ್ಯೂಟರಿಗೆ ಇನ್ನೊಂದು ಲೈಸೆನ್ಸ್ ತಗೊಳ್ಳೋದಕ್ಕೆ ಲೆಕ್ಕ ಹಾಕೋ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ.

ಹಾಗಂತ ಉದ್ಯಮದವರ ಲೆಕ್ಕವನ್ನೆಲ್ಲ ನುಂಗಬೇಕಿಲ್ಲ. ಸಾಫ್ಟ್‌ವೇರ್ ಕಂಪನಿಗಳದ್ದೇ ಸಂಘಟನೆ ಬಿಎಸ್‌ಎ 2018ರಲ್ಲಿ ಕೊಟ್ಟ ವರದಿ ಪ್ರಕಾರ, 2017ರಲ್ಲಿ ಭಾರತದಲ್ಲಿ ಬಳಕೆಯಲ್ಲಿದ್ದ ಸಾಫ್ಟ್‌ವೇರಿನಲ್ಲಿ 56% ಲೈಸೆನ್ಸ್ ಇಲ್ಲದ್ದು. ಆ ಪ್ರತಿಗಳಿಗೆ ಅಂಗಡಿ ಬೆಲೆ ಕಟ್ಟಿ ಮೌಲ್ಯ ತೋರಿಸ್ತಾರೆ. ಉಚಿತವಾಗಿ ಸಿಕ್ಕಾಗ ಹಾಕಿಕೊಂಡವನು ದುಡ್ಡಿದ್ದರೆ ಕೊಳ್ತಿದ್ದ ಅಂತ ಏನು ಗ್ಯಾರಂಟಿ? ಕಲಿಯೋ ಕಾಲದಲ್ಲಿ ಡಿಪ್ಲೊಮಾ ಹುಡುಗನೊಬ್ಬ ಎರಡನೇ ಮಷೀನಿಗೆ ಹಾಕಿಕೊಂಡ ಪ್ರತಿಯನ್ನೂ, ಆರು ಕೇಂದ್ರದಲ್ಲಿ ದುಡಿಯೋ ಪ್ರತಿಯನ್ನೂ ಒಂದೇ ಖಾತೆಗೆ ಬರೆಯೋದು ನನಗೆ ಒಪ್ಪಿಗೆ ಇಲ್ಲ.

ಕರಾರನ್ನೇ ತಾತ್ವಿಕವಾಗಿ ವಿರೋಧಿಸೋ ದಾರಿಯೂ ಇದೆ. ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಪ್ರಕಟಿಸಿದ ಗ್ನೂ ಪ್ರಣಾಳಿಕೆಯಲ್ಲಿ, ಪಕ್ಕದವನ ಜೊತೆ ಹಂಚಿಕೊಳ್ಳಲ್ಲ ಅಂತ ಮಾತು ಕೊಡೋ ಇಂಥ ಲೈಸೆನ್ಸಿಗೆ ಮನಸ್ಸಾಕ್ಷಿ ಒಪ್ಪಿ ಸಹಿ ಹಾಕಲಾರೆ ಅಂದರು. ಅವರು ಸಹಿ ಹಾಕದೇ ಪರ್ಯಾಯ ಕಟ್ಟೋಕೆ ಹೋದರು. ನಾವೋ, ಸಹಿ ಹಾಕ್ತೀವಿ, ಮಾತು ಮುರೀತೀವಿ, ಸಿಕ್ಕಿಬಿದ್ದಾಗ ಸ್ಟಾಲ್ಮನ್ ಹೆಸರು ಹೇಳ್ತೀವಿ.

ಆಫೀಸಿನ ವಿಷಯ ಎರಡೇ ಮಾತಲ್ಲಿ ಮುಗಿಸ್ತೀನಿ, ಯಾಕಂದ್ರೆ ಅಲ್ಲಿ ನೈತಿಕತೆಗಿಂತ ಕೆಲಸ ಹೋಗೋ ಭಯವೇ ಸಾಕು. ಆಫೀಸಿನ ಕೀ ಮನೆಯ ಡೆಸ್ಕ್‌ಟಾಪಿಗೆ ಬೇಡ. ಮನೆಯ ಲೈಸೆನ್ಸ್ ಆಫೀಸಿಗೂ ಬೇಡ, ಕರಾರಿನಲ್ಲಿ ಆಗಬಹುದು ಅಂತ ಸ್ಪಷ್ಟವಾಗಿ ಇದ್ದರೆ ಹೊರತು. ಡಾಕರ್ ಡೆಸ್ಕ್‌ಟಾಪ್ 2021ರ ಆಗಸ್ಟಿನಲ್ಲಿ ನಿಯಮ ಬದಲಿಸಿ, 250ಕ್ಕಿಂತ ಹೆಚ್ಚು ನೌಕರರು ಅಥವಾ ವರ್ಷಕ್ಕೆ 1 ಕೋಟಿ ಡಾಲರಿಗಿಂತ ಹೆಚ್ಚು ಆದಾಯ ಇರೋ ಕಂಪನಿಗಳು ದುಡ್ಡು ಕೊಡಬೇಕು ಅಂದಾಗ, ನೂರಾರು ಲ್ಯಾಪ್‌ಟಾಪಿನಿಂದ ಅದನ್ನ ತೆಗೆಸಿದ ಕಂಪನಿಗಳನ್ನ ನೀವೂ ನೋಡಿರ್ತೀರಿ. ನಿನ್ನೆ ಉಚಿತ ಅಂತ ಹಾಕಿಕೊಂಡದ್ದು ಇವತ್ತು ಉಚಿತ ಅಲ್ಲದೇ ಇರಬಹುದು, ಅಪ್‌ಡೇಟ್ ಮಾಡೋ ಮುಂಚೆ ಓದಿ. ಇನ್ನು 500 ರೂಪಾಯಿಗೆ ಆನ್‌ಲೈನಿನಲ್ಲಿ ಮಾರೋ ಕೀಗಳು. ಎಷ್ಟೋ ಸಲ ಅವು ಯಾವುದೋ ಸಂಸ್ಥೆಯ ವಾಲ್ಯೂಮ್ ಕೀಗಳೇ. ಬಿಲ್ ಇದೆ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ.

ಕೊನೆಯದಾಗಿ ಒಂದು ವಿಷಯ. ಈ ಲೈಸೆನ್ಸ್ ತಪಾಸಣೆಯ ಕೋಡ್ ಬರೆಯೋರು ಆಕಾಶದಿಂದ ಇಳಿದವರಲ್ಲ. ನಾವೇ. ಈಗಿರೋ ಕಂಪನಿಯಲ್ಲಿ ನಮ್ಮ ತಂಡದ ಮುಂದೆ ಅದೇ ಕೆಲಸ ಇದೆ. ಮೊದಲ ಡಿಸೈನಿನಲ್ಲಿ ಹೀಗಿತ್ತು: ಎರಡನೇ ಮಷೀನಿನಲ್ಲಿ ಅದೇ ಕೀ ಕಂಡರೆ ಎರಡೂ ಕಡೆ ತಕ್ಷಣ ಬಂದ್. ನಾನು ರಿವ್ಯೂನಲ್ಲಿ ತಕರಾರು ತೆಗೆದೆ. ಒಬ್ಬನೇ ಬಳಕೆದಾರ ಲ್ಯಾಪ್‌ಟಾಪ್ ಬದಲಿಸಿರಬಹುದು, ಹಳೆಯದು ಕೆಟ್ಟು ಅದರಿಂದ ಸೈನ್ ಔಟ್ ಮಾಡೋಕೆ ಆಗದೇ ಇರಬಹುದು. ಇನ್‌ಸ್ಟಾಲ್ ಎಷ್ಟು ಕಡೆ ಆದರೂ ಇರಲಿ, ಒಂದೇ ಹೊತ್ತಿನಲ್ಲಿ ಎಷ್ಟು ಕಡೆ ತೆರೆದಿದೆ ಅಂತ ಎಣಿಸೋಣ. ಮಿತಿ ಮೀರಿದರೆ ಹದಿನೈದು ದಿನ ಗಡುವು ಕೊಡೋಣ. ಗಡುವು ಮುಗಿದರೂ ಹೊಸ ಎಂಟ್ರಿ ಮಾತ್ರ ನಿಲ್ಲಲಿ, ಗ್ರಾಹಕನ ಹಳೇ ಡೇಟಾ ಅವನದ್ದು, ಅದನ್ನ ಓದೋಕೆ, ಹೊರಗೆ ತೆಗೆದುಕೊಳ್ಳೋಕೆ ಯಾವಾಗಲೂ ಬಿಡಬೇಕು. ಇನ್ನೊಂದು ಮಷೀನ್ ಬೇಕು ಅನ್ನೋನಿಗೆ ಒಂದೇ ಸೀಟಿನ ದರ ಇರಲಿ, ಮೂರು ಪಟ್ಟಿನ ಪ್ಯಾಕ್ ಅಲ್ಲ. ಸೇಲ್ಸಿನವರು ಕೊನೆಯದಕ್ಕೆ ಮುಖ ಸಿಂಡರಿಸಿದ್ರು. ಗಡುವನ್ನ ಏಳು ದಿನಕ್ಕೆ ಇಳಿಸಿ, ದರದ ವಿಷಯ ಆಮೇಲೆ ನೋಡೋಣ ಅಂದಿದ್ದಾರೆ. ಡೇಟಾ ಓದೋಕೆ ಬಿಡೋದಕ್ಕೆ ಒಪ್ಪಿಗೆ ಸಿಕ್ಕಿದೆ. ಒಂದು ಸೀಟಿನ ದರದ ಬಗ್ಗೆ ಬರೋ ಗುರುವಾರ ಮತ್ತೆ ಮೀಟಿಂಗ್ ಇದೆ.